ನಾನು ಎದೆಕೊಟ್ಟು ಉಳಿಸಿದ ಎರಡು ಬಾಲವಾಡಿಗಳು

ಮಳೆಗಾಲದ ತುಂಬಿದ ತೋಡನ್ನು ಎದೆಕೊಟ್ಟು ನಿಲ್ಲಿಸಿದವನು ಈ ಭೂಮಿಯ ಮೇಲೆ ನಾನೊಬ್ಬನೇ. ನೀರು ನನ್ನ ಎದೆಗೆ ಬಡಿದು, ಹೆದರಿ, ಬಂದ ದಾರಿಯಲ್ಲೇ ಗುಡ್ಡ ಹತ್ತಿ ವಾಪಸು ಹೋಯಿತು. ಆ ವರ್ಷ ಗುಡ್ಡದ ಮೇಲಿನ ಬೆಳ್ಮಣ್ಣಿನವರು ತಮ್ಮ ಗದ್ದೆಗಳಲ್ಲಿ ಸಮುದ್ರದ ಬಂಗುಡೆ ಹಿಡಿದರೆಂದು ನೀವು ಕೇಳಿದ್ದರೆ, ಆ ಮೀನು ಎಲ್ಲಿಂದ ಬಂತೆಂದು ಈಗ ಗೊತ್ತಾಯಿತಲ್ಲ? ಅದಕ್ಕೂ ಮೊದಲು, ತೋಡು ದಾಟಲು ಅಡ್ಡಹಾಕಿದ್ದ ತೆಂಗಿನಮರದ ಸಂಕವನ್ನು ಒಂದೇ ಒದೆತಕ್ಕೆ ಮುರಿದು ಎಸೆದವನೂ ನಾನೇ. ಇದನ್ನೆಲ್ಲ ಹೆಸರಿಗಾಗಿ ಮಾಡಲಿಲ್ಲ. ಎರಡು ಬಾಲವಾಡಿಗಳನ್ನು ಉಳಿಸುವುದಕ್ಕಾಗಿ ಮಾಡಿದೆ.

ನಂಬದವರು ಅಪೊಲೋನಿಯಾಳನ್ನು ಕೇಳಬಹುದು. ಅವಳು ನನ್ನ ಹೆಂಡತಿ. ಆದ್ದರಿಂದ ಅವಳೂ ನಂಬುವುದಿಲ್ಲ. ಅದು ಬೇರೆ ವಿಷಯ.

ನನ್ನ ಹೆಸರು ಅಲೆಕ್ಸಾಂಡರ್. ಇದೇ ಹೆಸರಿನ ಇನ್ನೊಬ್ಬ ಹಿಂದೆ ಯಾವಾಗಲೋ ಪ್ರಪಂಚ ಗೆಲ್ಲಲು ಹೊರಟು ಅರ್ಧ ದಾರಿಯಿಂದ ಹಿಂದಿರುಗಿದನಂತೆ. ನಾನು ಶಂಕರಪುರದಿಂದ ಕಟಪಾಡಿಗೆ ಹೊರಟು ಒಂದು ದಿನವೂ ಅರ್ಧ ದಾರಿಯಿಂದ ಹಿಂದಿರುಗಿದವನಲ್ಲ. ನನ್ನದು ಮಲ್ಲಿಗೆಯ ಕೆಲಸ. ಹೆಂಗಸರು ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಇಡುತ್ತಾರೆ. ನಾನು ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಅದನ್ನು ಎತ್ತಿಕೊಂಡು ಬಸ್ಸಿಗೆ ಮುಟ್ಟಿಸುತ್ತೇನೆ. ಬಸ್ಸು ತಪ್ಪಿದರೆ ಮೊಗ್ಗು ಅರಳುತ್ತದೆ. ಅರಳಿದ ಮಲ್ಲಿಗೆಯನ್ನು ದೇವರೊಬ್ಬನನ್ನು ಬಿಟ್ಟರೆ ಬೇರೆ ಯಾರೂ ಕೇಳುವುದಿಲ್ಲ.

ಇನ್ನೊಂದು ವಿದ್ಯೆ ನನ್ನಲ್ಲಿ ಉಂಟು. ಯಾವ ಹೂವಿನ ತುಂಡನ್ನು ತೋರಿಸಿದರೂ ಇದು ಇಂಥವರ ಕೈಯ ಕಟ್ಟು ಎಂದು ಹೇಳಬಲ್ಲೆ. ಸಫಿಯಮ್ಮ ನಾರನ್ನು ಬಿಗಿದು ಎಳೆಯುತ್ತಾರೆ. ಅವರ ಮೊಗ್ಗುಗಳು ನಮಾಜಿನ ಸಾಲಿನಂತೆ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತವೆ. ಪಂಚಾಯತ್ ಚೇರ್ಮನ್ ಶೇಖರಣ್ಣನ ಹೆಂಡತಿಯದು ಸಡಿಲು ಕೈ. ಕಡಿಮೆ ಹೂವಿನಲ್ಲಿ ಉದ್ದ ತೋರಿಸುವ ಉಪಾಯ. ಇದೊಂದು ಮಾತ್ರ ಸತ್ಯ. ಉಳಿದದ್ದೂ ಸತ್ಯವೇ, ಆದರೆ ಇದು ಸ್ವಲ್ಪ ಹೆಚ್ಚು ಸತ್ಯ.

ಎಂಬತ್ತೆರಡನೇ ಇಸವಿಯಲ್ಲಿ ನಮ್ಮ ಊರಿನಲ್ಲಿ ಎರಡು ಬಾಲವಾಡಿಗಳಿದ್ದವು. ತೋಡಿನ ಈಚೆ, ಮಹಿಳಾ ಮಂಡಲದ ಹೆಂಚಿನ ಕಟ್ಟಡದಲ್ಲಿ ಮೇಲಿನ ಬಾಲವಾಡಿ. ಅಲ್ಲಿ ಮನೋರಮಾ ಟೀಚರ್, ಮತ್ತು ಆಯಾ ಆಗಿ ನನ್ನ ಅಪೊಲೋನಿಯಾ. ತೋಡಿನ ಆಚೆ, ಅಲಿಯಬ್ಬ ಬ್ಯಾರಿಗಳು ಹಿಂದೆ ಕೊಬ್ಬರಿ ಒಣಗಿಸುತ್ತಿದ್ದ ಕೊಟ್ಟಿಗೆಯಲ್ಲಿ ಕೆಳಗಿನ ಬಾಲವಾಡಿ. ಅಲ್ಲಿ ಸುಗಂಧಿ ಟೀಚರ್. ಅದರ ಪಕ್ಕದ ಮನೆಯೇ ಸಫಿಯಮ್ಮನದು. ಅವರ ಮೊಮ್ಮಗಳು ಜಮೀಲಾ ಅಲ್ಲಿಯ ಕಂಬಕ್ಕೆ ಒರಗಿ ಕೂರುವ ಮಗು.

ಬಾಲವಾಡಿ ಎಂದರೆ ಅಲ್ಲಿ ಓದು ಬರಹ ಎಂತದ್ದು ಎಂದು ಕೇಳಬೇಡಿ. ಮಕ್ಕಳು ತುಳುವಿನಲ್ಲಿ ಅಳುತ್ತಿದ್ದವು, ಬ್ಯಾರಿಯಲ್ಲಿ ಜಗಳಾಡುತ್ತಿದ್ದವು, ಕೊಂಕಣಿಯಲ್ಲಿ ಚಾಡಿ ಹೇಳುತ್ತಿದ್ದವು. ಟೀಚರ್ ಕನ್ನಡದಲ್ಲಿ ಪದ್ಯ ಹೇಳುತ್ತಿದ್ದರು. ಮುಖ್ಯವಾದದ್ದು ಇಷ್ಟೇ: ಬೆಳಿಗ್ಗೆ ಮಕ್ಕಳು ಅಲ್ಲಿದ್ದರೆ ಮನೆಯಲ್ಲಿ ಹೂ ಕಟ್ಟಲಿಕ್ಕಾಗುತ್ತದೆ. ಮಕ್ಕಳು ಮನೆಯಲ್ಲಿದ್ದರೆ ಮೊಗ್ಗನ್ನು ಮೂಗಿಗೆ ತುರುಕಿಕೊಳ್ಳುತ್ತವೆ, ನಾರನ್ನು ಬೆಕ್ಕಿನ ಬಾಲಕ್ಕೆ ಕಟ್ಟುತ್ತವೆ.

ಆದರೂ ಎರಡನ್ನು ಹೋಲಿಸದೆ ನಮ್ಮವರಿಗೆ ಗಂಜಿ ಇಳಿಯುತ್ತಿರಲಿಲ್ಲ. ಮೇಲಿನವರು, "ನಮ್ಮಲ್ಲಿ ಗೋಡೆಗೆ ಸುಣ್ಣ ಉಂಟು, ನಿಮ್ಮ ಮಕ್ಕಳ ತಲೆಯಲ್ಲಿ ಕೊಬ್ಬರಿ ವಾಸನೆ" ಎನ್ನುವರು. ಕೆಳಗಿನವರು, "ಕೊಬ್ಬರಿ ವಾಸನೆಯಾದರೂ ಉಂಟು, ನಿಮ್ಮ ಸಜ್ಜಿಗೆಯಲ್ಲಿ ಒಗ್ಗರಣೆಯ ವಾಸನೆಯೂ ಇಲ್ಲ" ಎನ್ನುವರು. ಘಟ್ಟದ ಮೇಲಿನವರು ಉಪ್ಪಿಟ್ಟು ಎನ್ನುವುದನ್ನು ನಾವು ಸಜ್ಜಿಗೆ ಎನ್ನುವುದು. ಪರದೇಶದಿಂದ ದಾನವಾಗಿ ಹಡಗಿನಲ್ಲಿ ಬಂದ ಗೋಧಿ ನುಚ್ಚು ಎರಡು ಕಡೆಗೂ ಒಂದೇ, ಡಬ್ಬಿಯ ಎಣ್ಣೆಯೂ ಒಂದೇ. ಆದರೂ ಮೇಲಿನ ಸಜ್ಜಿಗೆಯ ಒಂದು ಉಂಡೆ ಕೈಜಾರಿ ಬಿದ್ದು, ಉರುಳಿ, ಹೆದ್ದಾರಿಗೆ ಹೋಗಿ ಒಂದು ಲಾರಿಯ ಟಯರನ್ನು ಪಂಚರ್ ಮಾಡಿದ್ದನ್ನು ನಾನೇ ನೋಡಿದ್ದೇನೆ. ಇದನ್ನು ಅಪೊಲೋನಿಯಾಳಿಗೆ ಹೇಳಬೇಡಿ. ಸಜ್ಜಿಗೆ ಅವಳದ್ದು.

ಹೀಗಿರುವಾಗ ಇಲಾಖೆಯಿಂದ ಮಾತು ಬಂತು. ಇಷ್ಟು ಸಣ್ಣ ಊರಿಗೆ ಎರಡು ಬಾಲವಾಡಿ ಯಾಕೆ? ಒಳ್ಳೆಯದೊಂದು ಇರಲಿ, ಇನ್ನೊಂದನ್ನು ಮುಚ್ಚುವುದು. ಯಾವುದು ಒಳ್ಳೆಯದೆಂದು ಮೇಲ್ವಿಚಾರಕಿ ಬಂದು ನೋಡುತ್ತಾರೆ.

ಶೇಖರಣ್ಣ ಪಂಚಾಯತಿನಲ್ಲಿ ಸಭೆ ಕರೆದರು. ಮೇಲಿನವರು ಒಂದು ಬೆಂಚಿನಲ್ಲಿ, ಕೆಳಗಿನವರು ಇನ್ನೊಂದು ಬೆಂಚಿನಲ್ಲಿ. ಮೇಡಂ ಬಂದಾಗ ಜೊತೆಗಿದ್ದು ಎರಡನ್ನೂ ತೋರಿಸಲಿಕ್ಕೆ ಯಾವ ಪಕ್ಷಕ್ಕೂ ಸೇರದ ಒಬ್ಬ ಬೇಕೆಂದು ಮಾತಾಯಿತು. ನಾನು ಎದ್ದು ನಿಂತು, "ಎರಡು ಕಡೆಯ ಮನೆಗಳಿಗೂ ದಿನಾ ಹೋಗುವವನು ನಾನು. ಹೋಲಿಸುವುದರಲ್ಲಿ ನನ್ನನ್ನು ಹೋಲುವವರು ಈ ಜಿಲ್ಲೆಯಲ್ಲಿ ಇಲ್ಲ" ಎಂದೆ.

"ಪೊರ್ಬುಗಳೇ, ನಿಮ್ಮ ಹೆಂಡತಿ ಮೇಲಿನ ಬಾಲವಾಡಿಯ ಆಯಾ ಅಲ್ವಾ?" ಎಂದರು ಸಫಿಯಮ್ಮ. ನಮ್ಮ ಕಡೆ ಕ್ರಿಸ್ತುವ ಗಂಡಸರನ್ನು ಹಾಗೆ ಕರೆಯುವುದು.

"ಹೌದು. ಆದರೆ ನನ್ನ ಹೊಟ್ಟೆ ತುಂಬುವುದು ನಿಮ್ಮ ಹೂವಿನಿಂದ. ಎರಡೂ ಕಡೆಯಿಂದ ಹಗ್ಗ ಕಟ್ಟಿದ ಕಂಬ ಯಾವ ಕಡೆಗೆ ವಾಲಲಿಕ್ಕೆ ಉಂಟು?"

ಸಭೆ ಚಪ್ಪಾಳೆ ತಟ್ಟಿತು. ಆ ಶಬ್ದ ಮಣಿಪಾಲದವರೆಗೆ ಕೇಳಿತಂತೆ. ಮನೆಗೆ ಬಂದ ಮೇಲೆ ಅಪೊಲೋನಿಯಾ ಮಾತ್ರ, "ಮಾರಾಯ್ರೆ, ಆ ದಿನ ಒಂದು ಉಪಕಾರ ಮಾಡಿ. ಬಾಯಿ ತೆರೆಯಬೇಡಿ. ಕೇಳಿದ್ದಕ್ಕೆ ತಲೆ ಆಡಿಸಿ, ಸಾಕು" ಎಂದಳು. ಯಾಕೆಂದು ಕೇಳಿದರೆ ಗಂಜಿ ಬಡಿಸಿದಳು. ಆ ವಾರ ಹೂ ಎತ್ತಲು ಹೋದ ಮನೆಗಳಲ್ಲೆಲ್ಲ ಹೆಂಗಸರು ಗುಸುಗುಸು ಮಾತಾಡುತ್ತಿದ್ದು ನನ್ನ ಸೈಕಲ್ಲಿನ ಬೆಲ್ ಕೇಳಿದೊಡನೆ ಸುಮ್ಮನಾಗುತ್ತಿದ್ದರು. ಮೇಲಿನ ಹೆಂಗಸರು ಕೆಳಗೆ, ಕೆಳಗಿನವರು ಮೇಲೆ ಓಡಾಡಿದ್ದೂ ಕಂಡಿತು. ಜಗಳ ಜೋರಾಗಿದೆ ಎಂದು ನಾನು ತಿಳಿದುಕೊಂಡೆ.

ಮಾರ್ಚಿನ ಒಂದು ಬೆಳಿಗ್ಗೆ ಜೀಪು ಬಂತು. ಇಳಿದವರು ಪ್ಯಾಟ್ರಿಶಿಯಾ ಮೇಡಂ. ಹೆಸರು ಕೇಳಿ ನನಗೆ ಧೈರ್ಯ ಬಂತು. ಕೊಂಕಣಿಯಲ್ಲಿ ನಾಲ್ಕು ಸಿಹಿ ಮಾತು ಹೇಳಿದೆ. ಅವರು ಕನ್ನಡದಲ್ಲಿ, "ಮಕ್ಕಳನ್ನು ತೋರಿಸಿ" ಎಂದರು.

ಮೇಲಿನ ಬಾಲವಾಡಿ ಹೆಂಚಿನವರೆಗೆ ತುಂಬಿತ್ತು! ಕಿಟಕಿಯಲ್ಲಿ ಮಕ್ಕಳು, ಬಾಗಿಲಲ್ಲಿ ಮಕ್ಕಳು, ಮನೋರಮಾ ಟೀಚರ್ ಅವರ ಮಡಿಲಲ್ಲಿ ಮಕ್ಕಳು. ಜಾಗ ಸಾಲದೆ ಕೆಲವು ಮಕ್ಕಳನ್ನು ಮೊಳೆಗೆ ಛತ್ರಿಯ ಹಾಗೆ ತೂಗುಹಾಕಿದ್ದರೆಂದು ಹೇಳಿದರೂ ತಪ್ಪಾಗದು. ಹೆಣ್ಣುಮಕ್ಕಳೆಲ್ಲರ ತಲೆಯಲ್ಲಿ ಮಲ್ಲಿಗೆ. ಮೇಡಂ ಮುಖ ಅರಳಿತು.

"ಎಷ್ಟು ಚಂದ ಕಟ್ಟಿದ್ದಾರೆ ಹೂ! ಎಲ್ಲ ಒಬ್ಬರೇ ಕಟ್ಟಿದ್ದಾ?" ಎಂದರು.

ಅಪೊಲೋನಿಯಾ ಸಜ್ಜಿಗೆಯ ಸೌಟು ಹಿಡಿದು ಮೂಲೆಯಿಂದ ನನ್ನನ್ನೇ ನೋಡುತ್ತಿದ್ದಳು. ಬಾಯಿ ತೆರೆಯಬಾರದೆಂಬುದು ನೆನಪಿತ್ತು. ಆದರೆ ನೀವೇ ಹೇಳಿ, ಸಂಗೀತಗಾರನ ಎದುರು ಶ್ರುತಿ ಪೆಟ್ಟಿಗೆ ಇಟ್ಟು ಸುಮ್ಮನಿರು ಎಂದರೆ ಆಗುತ್ತದೆಯೇ?

"ಒಬ್ಬರೇ ಅಲ್ಲ ಮೇಡಂ! ನೋಡಿದ ಕೂಡಲೇ ನಾನು ಹೇಳುತ್ತೇನೆ. ಇದು ಚೇರ್ಮನ್‌ರ ಮನೆಯ ಕೈ. ಇದು ಸಫಿಯಮ್ಮನ ಕೈ. ಅದು ಸಫಿಯಮ್ಮನ ನೆರೆಮನೆಯ ಕೈ. ಓ, ಆ ಮೂಲೆಯ ನಾಲ್ಕು ಮಕ್ಕಳದ್ದೂ ತೋಡಿನ ಆಚೆಯ ಕಟ್ಟು."

"ತೋಡಿನ ಆಚೆ ಇನ್ನೊಂದು ಬಾಲವಾಡಿ ಉಂಟಲ್ಲ?"

"ಉಂಟು ಮೇಡಂ. ಸಫಿಯಮ್ಮನ ಮನೆಗೆ ತಾಗಿಯೇ."

"ಹಾಗಾದರೆ ಈ ಮಕ್ಕಳು ಇಲ್ಲಿ ಎಂತ ಮಾಡುತ್ತಿದ್ದಾರೆ?"

ಮನೋರಮಾ ಟೀಚರ್ ಪದ್ಯ ನಿಲ್ಲಿಸಿದರು. ಅಪೊಲೋನಿಯಾಳ ಕೈಯ ಸೌಟು ಪಾತ್ರೆಗೆ ಬಿತ್ತು. ಆಗ ನನಗೆ ಹೊಳೆಯಿತು, ಗುಸುಗುಸು ಎಂತದೆಂದು. ಹೆಂಗಸರು ಜಗಳಾಡುತ್ತಿರಲಿಲ್ಲ, ಒಂದಾಗಿದ್ದರು. ಮೇಡಂ ಮೊದಲು ಮೇಲಕ್ಕೆ ಬಂದರೆ ಊರಿನ ಎಲ್ಲ ಮಕ್ಕಳೂ ಮೇಲೆ. ಜೀಪು ರಸ್ತೆ ಸುತ್ತಿ ಕೆಳಗೆ ಬರುವಷ್ಟರಲ್ಲಿ ಎಲ್ಲ ಮಕ್ಕಳೂ ಸಂಕ ದಾಟಿ ಕೆಳಗೆ. ಎರಡೂ ತುಂಬಿದ್ದರೆ ಯಾವುದನ್ನು ಮುಚ್ಚುವುದು? ನನಗೊಬ್ಬನಿಗೆ ಮಾತ್ರ ಅವರು ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೇಡಂ ಜೀಪು ಹತ್ತಿದರು. ಕೆಳಗಿನ ಬಾಲವಾಡಿಗೆ ಮುಟ್ಟುವಾಗ ಅದೇ ಮಕ್ಕಳು ಅಲ್ಲಿ ಏದುಸಿರು ಬಿಡುತ್ತ ಕುಳಿತಿದ್ದವು. ಗಲ್ಲಕ್ಕೆ ಅಂಟಿದ ಮೇಲಿನ ಸಜ್ಜಿಗೆ ಇನ್ನೂ ಒಣಗಿರಲಿಲ್ಲ. ಮೇಡಂ ಕಂಬಕ್ಕೆ ಒರಗಿದ್ದ ಮಗುವಿನ ಎದುರು ಬಗ್ಗಿದರು.

"ನೀನು ಜಮೀಲಾ ಅಲ್ವಾ? ಆಗ ಅಲ್ಲಿ ಹೆಸರು ಹೇಳಿದ್ದೆಯಲ್ಲ?"

"ಅದು ಅಲ್ಲಿ," ಎಂದಳು ಜಮೀಲಾ. "ಇಲ್ಲಿ ನಾನು ಸುನೀತಾ."

ಸುಗಂಧಿ ಟೀಚರ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮೇಡಂ ಕೂಡ ಕಿಟಕಿಯ ಕಡೆ ತಿರುಗಿ ಸ್ವಲ್ಪ ಹೊತ್ತು ಹೆಗಲು ಕುಣಿಸಿದರು. ಮತ್ತೆ ಈಚೆ ತಿರುಗುವಾಗ ನಗು ಇರಲಿಲ್ಲ.

"ಮಕ್ಕಳು ಜೀಪಿಗಿಂತ ಬೇಗ ಸಂಕ ದಾಟಿ ಬರುತ್ತಾರೆ. ಹಾಗಾದರೆ ಎರಡು ಯಾಕೆ? ಒಳ್ಳೆಯ ಕಟ್ಟಡ ಮೇಲೆ ಉಂಟು. ಇದನ್ನು ಮುಚ್ಚಿದರೆ ಯಾರಿಗೆ ತೊಂದರೆ?"

ಸಫಿಯಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಮುಂದೆ ಬಂದರು. "ಮಾರ್ಚಿನಲ್ಲಿ ತೋಡು ಮಲಗಿರುತ್ತದಮ್ಮ. ನೀವು ಮಳೆಗಾಲದಲ್ಲಿ ಬಂದು ಇದೇ ಮಾತು ಕೇಳಿ. ಆಗ ಈ ಮಗುವನ್ನು ಸಂಕ ದಾಟಿಸಲಿಕ್ಕೆ ನಾನು ಬೇಕು. ನಾನು ಹೋದರೆ ಹೂ ಕಟ್ಟುವುದು ಯಾರು? ಇವಳ ಅಪ್ಪ ದುಬೈಗೆ ಹೋಗಿ ಕೆಲಸ ಸಿಗದೆ ಕೂತಿದ್ದಾನೆ. ನಮ್ಮ ಒಲೆ ಉರಿಯುವುದು ಮಲ್ಲಿಗೆಯಿಂದ."

ಮೇಡಂ ಅವರನ್ನೇ ನೋಡಿದರು. "ಸರಿ. ಜೂನಿನಲ್ಲಿ ಬರುತ್ತೇನೆ. ಮಕ್ಕಳು ದಾಟುವ ಹಾಗಿದ್ದರೆ ಇದು ಮುಚ್ಚುತ್ತದೆ. ಮತ್ತೆ ಯಾರೂ ನನ್ನ ಹತ್ತಿರ ಬರಬಾರದು."

ಜೀಪು ಹೋದ ಮೇಲೆ ಸಫಿಯಮ್ಮ ನನ್ನ ಹತ್ತಿರ ಬಂದು, ಕೈಯಲ್ಲಿದ್ದ ಒಂದು ಎಳೆ ಬಾಳೆನಾರನ್ನು ತೋರಿಸಿ, "ಪೊರ್ಬುಗಳೇ, ಇದು ಹೂವಿಗಲ್ಲ. ನಿಮ್ಮ ನಾಲಗೆಗೆ" ಎಂದರು. ಅಪೊಲೋನಿಯಾ ಒಂದು ವಾರ ನನಗೆ ಬಾಲವಾಡಿಯಲ್ಲಿ ಉಳಿದ ಸಜ್ಜಿಗೆಯನ್ನೇ ಬಡಿಸಿದಳು.

ಅಲ್ಲಿಂದ ಮುಂದೆ ನಡೆದದ್ದೇ ನನ್ನ ಪರಾಕ್ರಮದ ಕಥೆ. ಇದನ್ನು ನಾನು ಕಾರ್ಕಳದ ಸಂತೆಯಲ್ಲಿ ಹೇಳಿದ್ದೇನೆ, ಉಡುಪಿಯ ಹೋಟೆಲಿನಲ್ಲಿ ಹೇಳಿದ್ದೇನೆ, ಮೊನ್ನೆ ಮೊನ್ನೆ ಕಟಪಾಡಿ ಜಂಕ್ಷನಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರಿಗೂ ಹೇಳುತ್ತಿದ್ದೆ. ಹೇಳಿದ್ದು ಹೀಗೆ:

"ಜೂನ್ ತಿಂಗಳು. ಮಳೆ ಎಂದರೆ ಆಕಾಶಕ್ಕೆ ತಳವೇ ಇಲ್ಲ. ತೋಡು ಆನೆಯ ಹಾಗೆ ಬರುತ್ತಾ ಉಂಟು. ಮೇಡಂ ಈಚೆ ದಡದಲ್ಲಿ ಛತ್ರಿ ಹಿಡಿದು ನಿಂತಿದ್ದಾರೆ. ಸಂಕ ಗಟ್ಟಿಯಾಗಿಯೇ ಉಂಟು. ಅದು ನಿಂತರೆ ಬಾಲವಾಡಿ ಬಿತ್ತು! ನಾನು ಯೋಚಿಸಿದೆ, ಒಬ್ಬ ಗಂಡಸು ಈಗ ಎದ್ದು ನಿಲ್ಲಬೇಕು. ಎತ್ತಿದೆ ಬಲಗಾಲು. ಕೊಟ್ಟೆ ಒಂದು ಒದೆತ. ಸಂಕ ಎರಡು ತುಂಡು! ಒಂದು ತುಂಡು ಕಾಪುವಿನ ದೀಪಸ್ತಂಭಕ್ಕೆ ಹೋಗಿ ಬಡಿಯಿತು. ಆಮೇಲೆ ನೀರಿಗೆ ಹಾರಿ, ಎದೆಕೊಟ್ಟು ನಿಂತು, 'ನೋಡಿ ಮೇಡಂ, ಇಂಥ ನೀರಿನಲ್ಲಿ ಮಕ್ಕಳು ಬರುವುದು ಹೇಗೆ?' ಎಂದೆ. ಮೇಡಂ ಕೈಮುಗಿದು, 'ಎರಡೂ ಬಾಲವಾಡಿ ಇರಲಿ ಅಲೆಕ್ಸಾಂಡರ್‌ರವರೇ, ನೀವು ಮೇಲೆ ಬನ್ನಿ' ಎಂದರು."

ಕೇಳುತ್ತಿದ್ದವರು ಬಾಯಿ ತೆರೆದು ನಿಂತಿದ್ದರು. ಆಗ ಹಿಂದಿನಿಂದ ಒಂದು ಸ್ವರ ಬಂತು.

"ಪೊರ್ಬುಗಳೇ, ಆ ಮುಂಡು ಮತ್ತೆ ಸಿಕ್ಕಿತಾ?"

ತಿರುಗಿ ನೋಡಿದರೆ ಸಫಿಯಮ್ಮ. ಪಕ್ಕದಲ್ಲಿ ಶಾಲೆಯ ಚೀಲ ಹಾಕಿಕೊಂಡ ಜಮೀಲಾ.

"ಯಾವ ಮುಂಡು?" ಎಂದೆ.

"ನೀವು ತೋಡನ್ನು ನಿಲ್ಲಿಸುವಾಗ ನಿಮ್ಮ ಸೊಂಟ ಬಿಟ್ಟು ಹೋದದ್ದು."

"ಆಗ ಇವರು ಪಟ್ಟೆಪಟ್ಟೆ ಚಡ್ಡಿಯಲ್ಲಿದ್ದರು," ಎಂದಳು ಜಮೀಲಾ, ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಕೇಳುವ ಹಾಗೆ. "ನೀಲಿ ಪಟ್ಟೆ. ನಾನು ಆಚೆ ದಡದಿಂದ ನೋಡಿದ್ದೇನೆ."

"ಮಗು ಆಗ ಸಣ್ಣದು," ಎಂದೆ. "ಹೆಸರನ್ನೇ ಸರಿಯಾಗಿ ಹೇಳುತ್ತಿರಲಿಲ್ಲ."

"ಹಾಗಾದರೆ ನೀವು ಹೇಳಿ," ಎಂದರು ಸಫಿಯಮ್ಮ, ಬುಟ್ಟಿಯನ್ನು ಕೆಳಗಿಟ್ಟು. "ಬಸ್ಸಿಗೆ ಇನ್ನೂ ಸಮಯ ಉಂಟು. ಅಥವಾ ನಾನು ಹೇಳಲಾ?"

ಸಫಿಯಮ್ಮ ಹೇಳಿದರೆ ಚಡ್ಡಿಯ ಹರಿದ ಜಾಗವೂ ಬರುತ್ತಿತ್ತು. ಆದ್ದರಿಂದ ನಾನೇ ಹೇಳಿದೆ. ಈಗ ನಿಮಗೂ ಹೇಳಿಬಿಡುತ್ತೇನೆ.

ಆ ದಿನ ಮೇಡಂ ಈಚೆ ದಡದಲ್ಲಿ ನಿಂತು ಸಂಕವನ್ನು ನೋಡಿ, "ಇದು ಅಪಾಯ ಅಲ್ವಾ?" ಎಂದು ಕೇಳಿದ್ದು ನಿಜ. ಆಚೆ ದಡದಲ್ಲಿ ಸಫಿಯಮ್ಮ, ಈಚೆ ನನ್ನ ಹಿಂದೆ ಅಪೊಲೋನಿಯಾ, ಊರಿನ ಹೆಂಗಸರೆಲ್ಲ ಉಸಿರು ಹಿಡಿದು ನಿಂತಿದ್ದರು. ಯಾರಾದರೂ ಒಬ್ಬರು "ಹೌದು" ಎಂದಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ನಾನು ದಿನಾ ದಾಟುವ ಸಂಕ. ಅದಕ್ಕೆ ಹೆದರುವವನು ಎಂದು ಒಬ್ಬ ಹೆಂಗಸಿನ ಎದುರು ಹೇಗೆ ಒಪ್ಪಿಕೊಳ್ಳುವುದು?

"ಅಪಾಯವಾ?" ಎಂದೆ. "ಈ ಸಂಕದಲ್ಲಿ ನಾನು ಸೈಕಲ್ ಹೊತ್ತುಕೊಂಡು ಕುಣಿಯುತ್ತ ಹೋಗುತ್ತೇನೆ ಮೇಡಂ. ನಮ್ಮ ಊರಿನ ಮಕ್ಕಳೂ ಹಾಗೆಯೇ."

ಹಿಂದಿನಿಂದ ಅಪೊಲೋನಿಯಾ ನನ್ನ ಅಂಗಿ ಎಳೆದಳು. ಆಚೆಯಿಂದ ಸಫಿಯಮ್ಮ ಎರಡೂ ಕೈ ಬೀಸಿದರು. ಹುರಿದುಂಬಿಸುತ್ತಿದ್ದಾರೆಂದು ತಿಳಿದೆ. ಮೇಡಂ, "ಹೌದಾ? ಹಾಗಾದರೆ ಒಂದೇ ಸಾಕಲ್ಲ" ಎಂದು ಛತ್ರಿ ಮಡಚುವುದರಲ್ಲಿದ್ದರು. ನಾನು, "ನೋಡಿ ಬೇಕಾದರೆ" ಎಂದು ಸಂಕಕ್ಕೆ ಕಾಲಿಟ್ಟೆ. ಸೈಕಲ್ ಇರಲಿಲ್ಲ, ದೇವರು ದೊಡ್ಡವನು. ನಡುವಿಗೆ ಹೋಗಿ, ಒಂದು ಹೆಜ್ಜೆ ಕುಣಿದೂ ತೋರಿಸಿದೆ.

ಸಂಕದ ಪಾಚಿಗೆ ನನ್ನ ಹೆಸರು ಗೊತ್ತಿರಲಿಲ್ಲ. ಜಾರಿದೆ. ತೋಡು ನನ್ನನ್ನು ತಡೆಯಲೂ ಇಲ್ಲ, ನಾನು ತೋಡನ್ನು ತಡೆಯಲೂ ಇಲ್ಲ. ಇಬ್ಬರೂ ಒಟ್ಟಿಗೆ ಪಡುವಣಕ್ಕೆ ಹೊರಟೆವು. ಮುಂಡು ನನಗಿಂತ ಚುರುಕಾಗಿದ್ದುದರಿಂದ ಮುಂದೆ ಹೋಯಿತು. ಕೇದಗೆಯ ಪೊದೆಯೊಂದು ಸಿಕ್ಕಿ ಅದನ್ನು ಅಪ್ಪಿಕೊಂಡೆ. ಅದರ ಮುಳ್ಳುಗಳನ್ನು ಎಣಿಸಲು ಆಗ ಪುರುಸೊತ್ತಿರಲಿಲ್ಲ. "ಅಮ್ಮಾ" ಎಂದು ಕೂಗಿದೆ. ಅಪೊಲೋನಿಯಾ ದಡದಲ್ಲಿ ಓಡಿಬಂದು ಸಜ್ಜಿಗೆಯ ಉದ್ದ ಸೌಟನ್ನು ಚಾಚಿದಳು. ಮನೋರಮಾ ಟೀಚರ್ ಅವಳ ಸೊಂಟ ಹಿಡಿದರು, ಪ್ಯಾಟ್ರಿಶಿಯಾ ಮೇಡಂ ಮನೋರಮಾ ಟೀಚರ್ ಅವರ ಸೊಂಟ ಹಿಡಿದರು. ಹೀಗೆ ಇಲಾಖೆಯೇ ನನ್ನನ್ನು ಮೇಲೆತ್ತಿತು.

ನಾನು ಕೆಸರಿನಲ್ಲಿ ಕುಳಿತು ನೀರು ಕಕ್ಕುತ್ತಿದ್ದಾಗ ಮೇಡಂ ಸೀರೆಯ ನೆರಿಗೆ ಹಿಂಡುತ್ತ ಸಂಕವನ್ನು ನೋಡಿದರು, ನನ್ನನ್ನು ನೋಡಿದರು, ಆಚೆ ದಡದಲ್ಲಿ ಸಫಿಯಮ್ಮನ ಸೆರಗು ಹಿಡಿದು ನಿಂತ ಜಮೀಲಾಳನ್ನು ನೋಡಿದರು.

"ಕುಣಿಯಲಿಕ್ಕೆ ಗೊತ್ತಿರುವವರೇ ಹೀಗೆ ಬಿದ್ದರೆ," ಎಂದರು, "ಮಕ್ಕಳ ಕಥೆ ಎಂತ? ಎರಡೂ ಇರಲಿ."

ಎರಡೂ ಇವೆ. ಕೆಳಗಿನದಕ್ಕೂ ಈಗ ಹೆಂಚು ಬಂದಿದೆ, ಸುಣ್ಣವೂ ಆಗಿದೆ. ಸುಣ್ಣ ಯಾರದ್ದು ಹೆಚ್ಚು ಬಿಳಿ ಎಂದು ಎರಡು ಕಡೆಯವರೂ ಹೋಲಿಸುತ್ತಿದ್ದಾರೆ.

ಕಟಪಾಡಿಯಲ್ಲಿ ಆ ದಿನ ನಾನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಬಂತು. ನಗುತ್ತಿದ್ದವರು ನಗುತ್ತಲೇ ಹತ್ತಿದರು. ಸಫಿಯಮ್ಮ ಬುಟ್ಟಿ ಎತ್ತಿಕೊಂಡು, "ಈಗ ಸರಿಯಾಯಿತು" ಎಂದರು.

"ಒದೆತ ಸುಳ್ಳು," ಎಂದೆ ನಾನು. "ಎದೆಕೊಟ್ಟದ್ದೂ ಸುಳ್ಳು. ಆದರೆ ಬಿದ್ದದ್ದು ನಾನೇ ಅಲ್ವಾ, ಸಫಿಯಮ್ಮ?"

"ಹೌದು," ಎಂದರು ಸಫಿಯಮ್ಮ. "ಅದನ್ನು ಯಾರೂ ನಿಮ್ಮಿಂದ ಕಸಿದುಕೊಳ್ಳುವುದಿಲ್ಲ."

ಬಸ್ಸಿನ ಕಿಟಕಿಯಿಂದ ಜಮೀಲಾ ತಲೆ ಹೊರಹಾಕಿ, "ನೀಲಿ ಪಟ್ಟೆ!" ಎಂದು ಕೂಗಿದಳು.